ತಡವಾಗಿ ಬಂದ ಸತ್ಯ: ಗ್ರೀಕ್ ರುದ್ರನಾಟಕ, ಮಧ್ಯಯುಗದ ವೀರಕಥೆ ಮತ್ತು ನಮ್ಮ ಕುಮಾರರಾಮ

ಕೋಲಾರ ಸೀಮೆಯಲ್ಲಿ, ಹೋಳೂರಿನ ಸುತ್ತಿನ ಊರುಗಳಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಲ್ಲಾಗಲಿ ಸಂಚರಿಸುವವರಿಗೆ ವೀರಗಲ್ಲುಗಳು ಅಪರಿಚಿತವಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ತುರುಗಾಳಗದಲ್ಲಿ ಮಡಿದವರ, ಒಡೆಯನಿಗಾಗಿ ಪ್ರಾಣ ತೆತ್ತವರ ಸ್ಮರಣೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಕಲ್ಲು ಹೇಳುವುದು ವೀರನ ಅಂತ್ಯವನ್ನು ಮಾತ್ರ. ಆ ಅಂತ್ಯಕ್ಕೆ ಮುನ್ನ ಅವನ ಮನೆಯಲ್ಲಿ ಏನು ನಡೆಯಿತು, ಆಸ್ಥಾನದಲ್ಲಿ ಅವನ ವಿಷಯವಾಗಿ ಯಾರು ಏನು ಹೇಳಿದರು, ಕೇಳಿದವರು ಅದನ್ನು ಹೇಗೆ ನಂಬಿದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ಹೇಳುವುದು ಕಾವ್ಯದ ಕೆಲಸ.

ವೀರನ ಬಾಳನ್ನು ಕುರಿತು ಪಾಶ್ಚಾತ್ಯ ಸಾಹಿತ್ಯವು ಎರಡು ಬಗೆಯಲ್ಲಿ ಚಿಂತಿಸಿದೆ. ಒಂದು, ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಅಥೆನ್ಸ್ ನಗರದ ಡಯೊನೈಸಸ್ ಉತ್ಸವದಲ್ಲಿ ಪುರಜನರ ಮುಂದೆ ಸ್ಪರ್ಧೆಗೆ ನಿಂತ ರುದ್ರನಾಟಕ. ಈಸ್ಕಿಲಸ್, ಸೊಫೊಕ್ಲಿಸ್, ಯೂರಿಪಿಡೀಸ್ ಇದರ ಮೂವರು ಆಚಾರ್ಯರು. ಇನ್ನೊಂದು, ಕ್ರಿ.ಶ. 12ನೆಯ ಶತಮಾನದಿಂದ ಫ್ರಾನ್ಸ್, ಇಂಗ್ಲೆಂಡ್ ಮೊದಲಾದ ದೇಶಗಳ ಅರಮನೆಗಳಲ್ಲಿ ಓದಿ ಕೇಳಿಸಲ್ಪಟ್ಟ ವೀರರಮ್ಯಕಥೆ. ಆರ್ಥರ್ ದೊರೆ, ಅವನ ದುಂಡುಮೇಜಿನ ಸರದಾರರು, ಅವರ ಪ್ರೇಮ, ಪ್ರತಿಜ್ಞೆ, ಸಾಹಸಗಳು ಇದರ ವಸ್ತು. ಮೊದಲನೆಯದು ದುಃಖದಲ್ಲಿಯೂ ಎರಡನೆಯದು ಸುಖದಲ್ಲಿಯೂ ಮುಗಿಯುತ್ತದೆಂದು ಹೇಳಿ ಕೈತೊಳೆದುಕೊಳ್ಳುವುದು ರೂಢಿ. ಆದರೆ ಭೇದವು ಅಷ್ಟು ಸುಲಭವಾದುದಲ್ಲ. ಒಂದೇ ಕಥೆಯು ಎರಡೂ ಅಚ್ಚುಗಳಲ್ಲಿ ಎರಕಗೊಂಡಿರುವುದನ್ನು ನೋಡಿದಾಗ ನಿಜವಾದ ಭೇದವು ಕಾಣಿಸುತ್ತದೆ. ಅಂಥ ಕಥೆಯೊಂದು ನಮ್ಮ ಕನ್ನಡ ನಾಡಿನಲ್ಲಿಯೂ ಇದೆ.

ಆ ಕಥೆಯ ಬೀಜ ಇಷ್ಟು: ಶೀಲವಂತನಾದ ತರುಣನೊಬ್ಬನನ್ನು ಅರಮನೆಯ ಹಿರಿಯ ಸ್ಥಾನದ ಹೆಣ್ಣೊಬ್ಬಳು ಬಯಸುತ್ತಾಳೆ. ಅವನು ನಿರಾಕರಿಸುತ್ತಾನೆ. ಅವಳು ಅವನ ಮೇಲೆಯೇ ಆ ದೋಷವನ್ನು ಹೊರಿಸುತ್ತಾಳೆ. ದಂಡಾಧಿಕಾರವುಳ್ಳವನು ಆ ಮಾತನ್ನು ನಂಬುತ್ತಾನೆ. ಅಶೋಕನ ಮಗ ಕುಣಾಲ ಮತ್ತು ತಿಷ್ಯರಕ್ಷಿತೆಯರ ಕಥೆಯಲ್ಲಿಯೂ ಇಂಥ ಬಯಕೆ, ನಿರಾಕರಣೆಗಳಿವೆ.

ಯೂರಿಪಿಡೀಸನ ‘ಹಿಪ್ಪೊಲಿಟಸ್’ ನಾಟಕವು ಕ್ರಿ.ಪೂ. 428ರಲ್ಲಿ ಪ್ರದರ್ಶಿತವಾಗಿ ಪ್ರಥಮ ಬಹುಮಾನವನ್ನು ಪಡೆಯಿತು. ಥೀಸಿಯಸ್ ಅರಸನ ಮಗ ಹಿಪ್ಪೊಲಿಟಸ್. ಮಲತಾಯಿ ಫೀಡ್ರಾಳ ಮನಸ್ಸು ಅವನಲ್ಲಿ ನೆಟ್ಟಿದೆ. ಅವಳ ದಾಸಿಯು ಹಿಪ್ಪೊಲಿಟಸನಿಂದ ಗುಟ್ಟು ಹೊರಗೆಡಹುವುದಿಲ್ಲವೆಂದು ಆಣೆ ಮಾಡಿಸಿಕೊಂಡು ವಿಷಯವನ್ನು ಅವನಿಗೆ ತಿಳಿಸುತ್ತಾಳೆ. ಅವನು ಕೆಂಡವಾಗುತ್ತಾನೆ. ಅಪಕೀರ್ತಿಗೆ ಹೆದರಿದ ಫೀಡ್ರಾ ಅವನ ಮೇಲೆ ದೋಷಾರೋಪವನ್ನು ಬರೆದ ಹಲಗೆಯೊಂದನ್ನು ಕೈಯಲ್ಲಿ ಕಟ್ಟಿಕೊಂಡು ನೇಣಿಗೆ ಶರಣಾಗುತ್ತಾಳೆ. ಊರಿನಿಂದ ಮರಳಿದ ಥೀಸಿಯಸ್ ಹಲಗೆಯನ್ನು ಓದುತ್ತಾನೆ. ಓದಿದ ಕ್ಷಣವೇ ಮಗನನ್ನು ಶಪಿಸುತ್ತಾನೆ. ಮಗನ ಮಾತನ್ನು ಅವನು ಆಲಿಸುವುದು ಶಾಪ ಕೊಟ್ಟ ಮೇಲೆ; ಆಲಿಸಿಯೂ ನಂಬುವುದಿಲ್ಲ. ಸತ್ಯವನ್ನು ಬಲ್ಲ ಮೇಳದ ಹೆಂಗಸರು ಫೀಡ್ರಾಳಿಗೆ ಕೊಟ್ಟ ವಚನಕ್ಕೆ ಕಟ್ಟುಬಿದ್ದು ಬಾಯಿ ಬಿಡುವುದಿಲ್ಲ. ಹಿಪ್ಪೊಲಿಟಸನೂ ತನ್ನ ಆಣೆಯನ್ನು ಮುರಿಯುವುದಿಲ್ಲ. ಕಡಲಿನಿಂದೆದ್ದ ಗೂಳಿಯನ್ನು ಕಂಡು ಬೆದರಿದ ಅವನ ಕುದುರೆಗಳೇ ಅವನನ್ನು ಬಂಡೆಗಳ ಮೇಲೆ ಎಳೆದಾಡುತ್ತವೆ. ಆಮೇಲೆ ಆರ್ಟೆಮಿಸ್ ದೇವತೆ ಬಂದು ನಿಜವನ್ನು ತಿಳಿಸುತ್ತಾಳೆ. ಸಾಕ್ಷ್ಯವನ್ನು ಪರೀಕ್ಷಿಸದೆ, ಕಾಲಕ್ಕೆ ಅವಕಾಶ ಕೊಡದೆ ಶಪಿಸಿದೆಯೆಂದು ಅವಳು ಥೀಸಿಯಸನನ್ನು ಖಂಡಿಸುತ್ತಾಳೆ. ಮಗನು ತಂದೆಯನ್ನು ಕ್ಷಮಿಸಿ ಕಣ್ಮುಚ್ಚುತ್ತಾನೆ. ಸತ್ಯವು ಬಂದಿತು, ಆದರೆ ಬರಬೇಕಾದ ಹೊತ್ತಿಗೆ ಬರಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ನಾಟಕದಲ್ಲಿ ದುಷ್ಟರೆಂದು ಬೆರಳಿಟ್ಟು ತೋರಿಸಬಹುದಾದ ಮನುಷ್ಯರಿಲ್ಲ. ಫೀಡ್ರಾಳ ಮೋಹವು ಅಫ್ರೊಡೈಟಿ ದೇವತೆ ಹೊತ್ತಿಸಿದುದು. ಅದನ್ನು ಅಡಗಿಸಲು ಅವಳು ಅನ್ನ ಬಿಟ್ಟು ಸಾಯಲೂ ಸಿದ್ಧಳಾಗಿದ್ದವಳು. ಹಿಪ್ಪೊಲಿಟಸನ ಶೀಲ ನಿಜವಾದುದೇ, ಆದರೆ ಆ ಶೀಲಕ್ಕೆ ಅಹಂಕಾರದ ಸೋಂಕಿದೆ. ತಾನು ಶುದ್ಧನೆಂಬ ಹೆಮ್ಮೆಯಲ್ಲಿ ಅವನು ಹೆಣ್ಣುಕುಲವನ್ನೇ ಹಳಿಯುತ್ತಾನೆ. ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ರುದ್ರನಾಯಕನ ಪತನಕ್ಕೆ ಕಾರಣವೆಂದು ಹೇಳುವ ‘ಹಮಾರ್ಟಿಯ’ ಎಂಬ ಶಬ್ದದ ಮೂಲದಲ್ಲಿರುವುದು ಗುರಿ ತಪ್ಪುವ ಭಾವ. ಒಳ್ಳೆಯವರೇ ಗುರಿ ತಪ್ಪಿದಾಗ ನಮ್ಮಲ್ಲಿ ಕರುಣೆ, ಭಯಗಳೆರಡೂ ಒಟ್ಟಿಗೆ ಹುಟ್ಟುತ್ತವೆ.

ಇದೇ ಬೀಜವು ವೀರರಮ್ಯಕಥೆಯಲ್ಲಿ ಮೊಳೆತ ಬಗೆ ಬೇರೆ. 12ನೆಯ ಶತಮಾನದ ಕವಯಿತ್ರಿ ಮರೀ ದ ಫ್ರಾನ್ಸ್ ರಚಿಸಿದ ‘ಲಾನ್ವಲ್’ ಎಂಬ ಕಥನಕವನದಲ್ಲಿ, ಆರ್ಥರ್ ದೊರೆಯ ರಾಣಿಯು ಲಾನ್ವಲ್ ಎಂಬ ಸರದಾರನಲ್ಲಿ ಪ್ರೇಮವನ್ನು ಯಾಚಿಸಿ ತಿರಸ್ಕೃತಳಾಗುತ್ತಾಳೆ. ಕೋಪದ ಭರದಲ್ಲಿ ಲಾನ್ವಲನು ತನ್ನ ರಹಸ್ಯಪ್ರೇಯಸಿಯ ವಿಷಯವನ್ನು ಹೊರಗೆಡಹಿ, ಅವಳ ದಾಸಿಯೂ ರಾಣಿಗಿಂತ ಮೇಲೆಂದು ಆಡಿಬಿಡುತ್ತಾನೆ. ಪ್ರೇಯಸಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ರಾಣಿಯು ದೊರೆಯ ಬಳಿ ಸುಳ್ಳುದೂರು ಕೊಡುತ್ತಾಳೆ. ದೊರೆಯ ಕೋಪ ಥೀಸಿಯಸನ ಕೋಪಕ್ಕಿಂತ ಕಡಮೆಯದೇನಲ್ಲ. ಆದರೆ ಇಲ್ಲಿ ಒಂದು ಸಭೆಯಿದೆ. ಗವೇನ್ ಮತ್ತು ಅವನ ಸಂಗಡಿಗರು ಆರೋಪಿಗೆ ಜಾಮೀನಾಗಿ ನಿಲ್ಲುತ್ತಾರೆ. ವಿಚಾರಣೆಗೆ ದಿನ ಗೊತ್ತಾಗುತ್ತದೆ. ಪ್ರೇಯಸಿಯನ್ನು ಕರೆತಂದು ತನ್ನ ಮಾತನ್ನು ಸಮರ್ಥಿಸಿಕೊಳ್ಳಲು ಸಭೆಯು ಅವನಿಗೆ ಅವಕಾಶ ಕೊಡುತ್ತದೆ. ದೊರೆ ಅವಸರಪಡಿಸಿದರೂ ತೀರ್ಪು ಮುಂದೆ ಹೋಗುತ್ತದೆ. ಅಷ್ಟರಲ್ಲಿ ಆಕೆ ಬಂದೇ ಬರುತ್ತಾಳೆ, ವಚನಭಂಗವನ್ನು ಮನ್ನಿಸಿ ಅವನನ್ನು ಬಿಡಿಸುತ್ತಾಳೆ. ಆಕೆ ಅಪ್ಸರೆಯಂಥವಳು, ಅವಳ ಆಗಮನವೊಂದು ಪವಾಡ ಎಂದು ನಾವು ನಗಬಹುದು. ಆದರೆ ಆ ಪವಾಡ ನಡೆಯುವುದಕ್ಕೆ ಬೇಕಾದ ಹೊತ್ತನ್ನು ಒದಗಿಸಿದವರು ಮನುಷ್ಯರು. ಜಾಮೀನು, ಗಡುವು, ವಿಚಾರಣೆ ಇವು ಯಾವುವೂ ಪವಾಡಗಳಲ್ಲ.

ಇನ್ನು ನಮ್ಮ ನಾಡಿನ ಕಥೆ. ಗಂಗಾವತಿಯ ಬಳಿಯ ಕುಮ್ಮಟದುರ್ಗ, ತುಂಗಭದ್ರೆಯ ದಡದ ಕಂಪಿಲಿ, ಇವು ಕಂಪಿಲರಾಯನ ರಾಜ್ಯದ ನೆಲೆಗಳು. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನನಿಗೆ ಆಶ್ರಯ ಕೊಟ್ಟ ಕಾರಣ ಸುಮಾರು 1327ರಲ್ಲಿ ಈ ಚಿಕ್ಕ ರಾಜ್ಯವು ದೆಹಲಿಯ ಸೈನ್ಯಕ್ಕೆ ಬಲಿಯಾಯಿತು. ಇದು ಇತಿಹಾಸ. ಅದೇ ಕಂಪಿಲನ ಮಗ ಕುಮಾರರಾಮನನ್ನು ಜನರು ಮರೆಯಲಿಲ್ಲ. 16ನೆಯ ಶತಮಾನದಲ್ಲಿ ನಂಜುಂಡ ಕವಿಯು ಅವನ ಚರಿತೆಯನ್ನು ಸಾಂಗತ್ಯದಲ್ಲಿ ಹಾಡಿದನು. ಅವನಲ್ಲದೆ ಬೇರೆ ಕವಿಗಳೂ, ಜನಪದರೂ ಹಾಡಿದರು. ಶೂರನೆಂಬುದಕ್ಕಿಂತ ಹೆಚ್ಚಾಗಿ ‘ಪರನಾರೀ ಸಹೋದರ’ನೆಂಬ ಬಿರುದಿನಿಂದಲೇ ಅವನು ಕನ್ನಡಿಗರ ನೆನಪಿನಲ್ಲಿ ಉಳಿದಿರುವುದು ಗಮನಾರ್ಹವಾಗಿದೆ.

ಚೆಂಡಾಟದಲ್ಲಿ ಚೆಂಡು ಅಂತಃಪುರಕ್ಕೆ ಹೋಗಿ ಬೀಳುತ್ತದೆ; ಅದನ್ನು ತರಲು ರಾಮನು ಒಳಹೊಗುತ್ತಾನೆ. ಮುದಿಯನಾದ ಕಂಪಿಲನ ಎಳೆಯ ಮಡದಿ ರತ್ನಾಜಿ ಅವನನ್ನು ಬಯಸುತ್ತಾಳೆ. ಅವನು ತಾಯಿಯೆಂದು ಭಾವಿಸಿ ನಿರಾಕರಿಸಿ ಹೊರಬರುತ್ತಾನೆ. ಅವಳು ದೂರುತ್ತಾಳೆ. ಕಂಪಿಲನು ಮಗನ ತಲೆಯನ್ನು ತರುವಂತೆ ಮಂತ್ರಿ ಬೈಚಪ್ಪನಿಗೆ ಆಜ್ಞಾಪಿಸುತ್ತಾನೆ. ಇಲ್ಲಿಯವರೆಗೆ ಕಥೆಯು ಹಿಪ್ಪೊಲಿಟಸನ ದಾರಿಯಲ್ಲಿಯೇ ಸಾಗಿದೆ. ಆದರೆ ಬೈಚಪ್ಪನು ರಾಜಾಜ್ಞೆಗೂ ಕತ್ತಿಗೂ ನಡುವೆ ನಿಲ್ಲುತ್ತಾನೆ. ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಬೇರೊಂದು ತಲೆಯನ್ನು ಅವನದೆಂದು ತೋರಿಸುತ್ತಾನೆ. ಕಾಲ ಸರಿಯುತ್ತದೆ. ದೆಹಲಿಯ ದಂಡು ಬಂದೆರಗಿದಾಗ, ಸತ್ತನೆಂದು ಅಳಿದುಹೋದ ಮಗನೇ ಕೋಟೆಯ ರಕ್ಷಣೆಗೆ ಎದ್ದುಬರುತ್ತಾನೆ. ತಂದೆಗೆ ತನ್ನ ತಪ್ಪಿನ ಅರಿವಾಗುವುದು ಮಗನು ಬದುಕಿರುವಾಗಲೇ. ಕೊನೆಗೆ ರಾಮನೂ ಯುದ್ಧದಲ್ಲಿ ಮಡಿಯುತ್ತಾನೆ. ಆದರೆ ಅವನ ಮರಣವು ತಂದೆಯ ಆತುರದ ಫಲವಲ್ಲ. ನಾಡಿಗಾಗಿ ತಾನೇ ಆರಿಸಿಕೊಂಡ ಮರಣ.

ಈಗ ಎರಡು ಪ್ರಕಾರಗಳ ಭೇದವು ಸ್ಪಷ್ಟವಾಗುತ್ತದೆ. ಅಂತ್ಯ ಸುಖವೋ ದುಃಖವೋ ಎಂಬುದು ಮುಖ್ಯವಲ್ಲ, ಕುಮಾರರಾಮನೂ ಸಾಯುತ್ತಾನೆ. ತೀರ್ಪಿಗೂ ದಂಡನೆಗೂ ನಡುವೆ ಹೊತ್ತು ಇದೆಯೋ ಇಲ್ಲವೋ, ಆ ಹೊತ್ತನ್ನು ದೊರಕಿಸಿಕೊಡುವ ಮನುಷ್ಯನಿದ್ದಾನೋ ಇಲ್ಲವೋ ಎಂಬುದೇ ಮುಖ್ಯ. ಈ ಕಥೆಗಳ ಮಟ್ಟಿಗೆ ಹೇಳುವುದಾದರೆ, ಬೈಚಪ್ಪನಿಲ್ಲದ ಅರಮನೆಯು ರುದ್ರನಾಟಕ. ಬೈಚಪ್ಪನಿರುವ ಅರಮನೆಯು ವೀರಕಥೆ.

ಕನ್ನಡದ ರುದ್ರಕಾವ್ಯವೂ ಇದನ್ನೇ ಇನ್ನೊಂದು ಮುಖದಿಂದ ಹೇಳುತ್ತದೆ. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನ ಮಹಾಕವಿಯೇ ‘ಸಾಹಸಭೀಮವಿಜಯ’ವೆಂಬ ಗದಾಯುದ್ಧವನ್ನೂ ಬರೆದನು. ಭೀಮನನ್ನು ನಾಯಕನನ್ನಾಗಿ ಇಟ್ಟುಕೊಂಡು ಹೊರಟರೂ ಓದುಗರ ಕರುಣೆ ಹರಿಯುವುದು ದುರ್ಯೋಧನನ ಕಡೆಗೆ. ಶವಗಳ ನಡುವೆ ನಡೆದು, ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯವನ್ನು ಮೆಚ್ಚಿ, ಕರ್ಣನಿಗಾಗಿ ಕಣ್ಣೀರಿಡುವ ಆ ದುರ್ಯೋಧನನು ರುದ್ರನಾಯಕನೇ ಸರಿಯೆಂಬ ಚರ್ಚೆ ಕನ್ನಡ ವಿಮರ್ಶೆಯಲ್ಲಿ ಸುಪ್ರಸಿದ್ಧವಾದುದು. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ಅಳವಡಿಸಿದರು. 1929ರಲ್ಲಿ ಸೊಫೊಕ್ಲಿಸನ ಏಜಾಕ್ಸ್ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ಬರೆದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಿಸಿದರು. ರನ್ನನ ಕಾವ್ಯದಲ್ಲಿ ಭೀಷ್ಮನು ಸಂಧಿಯ ಮಾತನ್ನು ಹೇಳುತ್ತಾನೆ. ಅದು ಒಪ್ಪಿಗೆಯಾಗದಿರಲು ವೈಶಂಪಾಯನ ಸರೋವರದಲ್ಲಿ ಒಂದು ದಿನ ಕಳೆಯೆಂದು ಸೂಚಿಸುತ್ತಾನೆ. ಭೀಷ್ಮನು ಕೊಟ್ಟದ್ದೂ ಹೊತ್ತನ್ನೇ! ಭೀಮನ ಮೂದಲೆ ಕಿವಿಗೆ ಬಿದ್ದೊಡನೆ ಆ ಹೊತ್ತನ್ನು ದುರ್ಯೋಧನನು ಎಸೆದುಬಿಡುತ್ತಾನೆ. ಥೀಸಿಯಸನಿಗೆ ಹೊತ್ತು ಕೊಡುವವರಿರಲಿಲ್ಲ. ದುರ್ಯೋಧನನಿಗೆ ಕೊಟ್ಟರೂ ಅದನ್ನು ಹಿಡಿದುಕೊಳ್ಳಲಾಗಲಿಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮೊದಲಿನ ಎರಡು ಮಾಡುವ ಕೆಲಸವೇ ಇದು: ಅವು ಮನುಷ್ಯನಿಂದ ಕಾಯುವ ಶಕ್ತಿಯನ್ನು ಕಸಿದುಕೊಳ್ಳುತ್ತವೆ.

ನಮ್ಮ ವಾಚಕರಿಗೆ ಸುದರ್ಶನ ಶ್ರೇಷ್ಠಿಯ ಕಥೆ ನೆನಪಾಗದೆ ಇರದು. 11ನೆಯ ಶತಮಾನದಲ್ಲಿ ನಯನಂದಿ ಮುನಿಯು ಅಪಭ್ರಂಶದಲ್ಲಿ ಇದನ್ನು ಕಾವ್ಯವಾಗಿ ರಚಿಸಿದ್ದಾನೆ. ಚಂಪಾನಗರದ ರಾಣಿಯ ಸುಳ್ಳುದೂರಿಗೆ ಗುರಿಯಾದ ಸುದರ್ಶನನು ಮೌನದಿಂದ ನಿಲ್ಲುತ್ತಾನೆ. ಹಿಪ್ಪೊಲಿಟಸನೂ ಮೌನಿಯೇ, ಆದರೆ ಅವನ ಮೌನದ ಹಿಂದೆ ತಾನು ಶುದ್ಧನೆಂಬ ಕಹಿಯಿದೆ. ಸುದರ್ಶನನ ಮೌನದಲ್ಲಿ ರಾಣಿಯ ಮೇಲೂ ದ್ವೇಷವಿಲ್ಲ. ವ್ರತಕ್ಕೂ ವ್ರತದ ಹೆಮ್ಮೆಗೂ ಇರುವ ಅಂತರವನ್ನು ಈ ಎರಡು ಮೌನಗಳು ತೋರಿಸುತ್ತವೆ. ತತ್ತ್ವಾರ್ಥಸೂತ್ರವು ಸತ್ಯವ್ರತದ ಅತಿಚಾರಗಳನ್ನು ಎಣಿಸುವಾಗ ‘ಕೂಟಲೇಖಕ್ರಿಯೆ’ಯನ್ನೂ, ಅಂದರೆ ಸುಳ್ಳುಬರಹವನ್ನೂ, ಸೇರಿಸಿದೆ. ಫೀಡ್ರಾಳ ಹಲಗೆಯು ಅದಕ್ಕೆ ತಕ್ಕ ಉದಾಹರಣೆ. ಬರೆದವಳದು ತಪ್ಪು, ಪರೀಕ್ಷಿಸದೆ ಓದಿ ನಂಬಿದವನದೂ ತಪ್ಪಲ್ಲವೆ?

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಬೈಚಪ್ಪನು ತೋರಿಸಿದ ತಲೆಯೂ ಒಂದು ಸುಳ್ಳೇ ಅಲ್ಲವೆ? ಹೌದು, ಅವನ ನಡತೆ ಸಂಪೂರ್ಣ ಶುದ್ಧವೆಂದು ಹೇಳಲಾಗದು. ಅರಸನೆದುರು ನಿಂತು ‘ವಿಚಾರಿಸು’ ಎನ್ನುವ ಅವಕಾಶವೇ ಇಲ್ಲದ ಆಸ್ಥಾನವು ಮಂತ್ರಿಯನ್ನು ಕಪಟಕ್ಕೆ ನೂಕುತ್ತದೆ. ಎರಡನೆಯದು ಇನ್ನೂ ಗಂಭೀರವಾದುದು. ಈ ಕಥೆಗಳೆಲ್ಲವೂ ದೂರು ಕೊಟ್ಟ ಹೆಣ್ಣನ್ನೇ ಸುಳ್ಳುಗಾತಿಯೆಂದು ತೋರಿಸುತ್ತವೆ. ಮುದಿದೊರೆಗೆ ಕೊಟ್ಟ ಎಳೆಯ ಹೆಣ್ಣಾದ ರತ್ನಾಜಿಯ ಬಾಳಿನ ಸಂಕಟವನ್ನು ಕೇಳಿದವರು ಯಾರು? ಲೋಕದಲ್ಲಿ ನಿಜವಾದ ದೂರನ್ನು ಹೇಳಲಾರದೆ ನುಂಗಿಕೊಂಡ ಹೆಂಗಸರೂ ಇದ್ದಾರೆ. ಆದುದರಿಂದ ಈ ಕಥೆಗಳ ನೀತಿ ‘ದೂರನ್ನು ನಂಬಬೇಡ’ ಎಂಬುದಲ್ಲ. ‘ಎರಡು ಕಡೆಯನ್ನೂ ಕೇಳುವ ಮುನ್ನ ದಂಡಿಸಬೇಡ’ ಎಂಬುದು. ಅನೇಕಾಂತವು ಕೇವಲ ತರ್ಕಶಾಸ್ತ್ರದ ವಿಷಯವಲ್ಲ. ಅದು ಮನೆಯ ಹಿರಿಯನು ಮಗನ ಮೇಲೆ, ಸೊಸೆಯ ಮೇಲೆ ಬಂದ ಮಾತನ್ನು ಕೇಳಿದಾಗ ಪಾಲಿಸಬೇಕಾದ ಧರ್ಮವೂ ಹೌದು.

ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಷೇಕ್ಸ್‌ಪಿಯರನ ಲಿಯರ್ ನಾಟಕವನ್ನು ಕನ್ನಡಕ್ಕೆ ತಂದರು. ಲಿಯರನೂ ಒಂದು ಗಳಿಗೆಯ ಕೋಪದಲ್ಲಿ ಒಳ್ಳೆಯ ಮಗಳನ್ನು ಹೊರಹಾಕಿದ ತಂದೆ. ಅವನಿಗೆ ಅಡ್ಡ ನಿಂತು ಬುದ್ಧಿ ಹೇಳಿದ ಕೆಂಟನು ಗಡೀಪಾರಾದನು. ಅಥೆನ್ಸಿನಿಂದ ಕುಮ್ಮಟದವರೆಗೆ, ಕುಮ್ಮಟದಿಂದ ನಮ್ಮ ನಮ್ಮ ಹಜಾರದವರೆಗೆ ಈ ನಾಟಕ ನಡೆಯುತ್ತಲೇ ಇದೆ. ತೀರ್ಪು ಕೊಡುವ ಸ್ಥಾನವು ಒಂದಲ್ಲ ಒಂದು ದಿನ ನಮ್ಮೆಲ್ಲರಿಗೂ ಬರುತ್ತದೆ. ಆ ದಿನ ನಮಗೆ ಬೇಕಾದುದು ದೊಡ್ಡ ಶೌರ್ಯವಲ್ಲ, ಒಂದು ರಾತ್ರಿಯ ತಾಳ್ಮೆ. ನಮಗೆ ಆ ತಾಳ್ಮೆ ಇಲ್ಲದಿದ್ದರೆ ನಮ್ಮನ್ನು ತಡೆಯಬಲ್ಲ ಒಬ್ಬ ಬೈಚಪ್ಪ. ಅವನು ತಡೆದಾಗ ಅವನನ್ನು ಹೊರಗಟ್ಟದಿರುವ ವಿವೇಕ. ಬೆಳಗಾದ ಮೇಲೆ ಕೊಡಬಹುದಾದ ದಂಡನೆಯನ್ನು ಇರುಳಿನಲ್ಲಿಯೇ ಕೊಟ್ಟವನಿಗೆ, ಬಂದ ಸತ್ಯವು ಪಶ್ಚಾತ್ತಾಪವನ್ನಲ್ಲದೆ ಬೇರೇನನ್ನೂ ತರಲಾರದು.