ಫಿಸಿಯೋಥೆರಪಿ: ಬೋರ್ಡ್ ನೋಡಿದರೆ ಸಾಲದು, ನೋಂದಣಿ ಕೇಳಿ

ಕೌತಾಳಂ, ಆದೋನಿ ಕಡೆ ಯಾರಿಗಾದರೂ ಲಕ್ವ ಹೊಡೆದರೆ ಕರ್ನೂಲಿಗೋ, ಗಡಿ ದಾಟಿ ರಾಯಚೂರು, ಬಳ್ಳಾರಿಗೋ ಕರ್ಕೊಂಡು ಹೋಗುವುದುಂಟು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸುವವರು ಮಾತ್ರ ಊರಲ್ಲೇ ಬೇಕು. ಆಗ ಯಾರನ್ನು ನಂಬುವುದು?

ಅಂಗಡಿಯ ತಕ್ಕಡಿಗೂ ಸರಕಾರದ ಮುದ್ರೆ ಬೇಕು. ಆದರೆ ಫಿಸಿಯೋಥೆರಪಿಸ್ಟ್ ಅಂದರೆ ಯಾರು ಎಂದು ಹೇಳುವ, ಇಡೀ ದೇಶಕ್ಕೆ ಅನ್ವಯಿಸುವ ಕಾನೂನು 2021ರವರೆಗೆ ಇರಲಿಲ್ಲ. ದೆಹಲಿ, ಮಹಾರಾಷ್ಟ್ರದಂಥ ಕೆಲವು ರಾಜ್ಯಗಳಷ್ಟೇ ತಮ್ಮದೇ ಕೌನ್ಸಿಲ್ ಕಾಯ್ದೆ ಮಾಡಿಕೊಂಡಿದ್ದವು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ಫಿಸಿಕಲ್ ಥೆರಪಿ ಕೇಂದ್ರದ ಹೆಸರಿದೆ. ಆದರೆ ಅದು ನೋಂದಾಯಿಸುವುದು ಜಾಗವನ್ನು. ಮಸಾಜ್, ವಿದ್ಯುತ್ ಚಿಕಿತ್ಸೆ, ವ್ಯಾಯಾಮ ಎಲ್ಲವೂ ಅಲ್ಲಿ ಒಂದೇ ಸಾಲಿನಲ್ಲಿವೆ.

2021ರ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆ ನೋಡುವುದು ವ್ಯಕ್ತಿಯನ್ನು. ಇದರ ಮುಖ್ಯ ಅಂಶಗಳು:

* ಫಿಸಿಯೋಥೆರಪಿಸ್ಟ್‌ಗೆ ಕನಿಷ್ಠ ಪದವಿ ಇರಲೇಬೇಕು.
* ರೋಗಿಯನ್ನು ಪರೀಕ್ಷಿಸಿ ಸ್ವತಂತ್ರವಾಗಿಯೂ, ವೈದ್ಯರ ತಂಡದ ಜೊತೆಗೂ ಕೆಲಸ ಮಾಡಬಹುದು.
* ರಾಜ್ಯ ಅಥವಾ ಕೇಂದ್ರದ ರಿಜಿಸ್ಟರ್‌ನಲ್ಲಿ ಹೆಸರಿಲ್ಲದೆ ವೃತ್ತಿ ಮಾಡಿದರೆ 50,000 ರೂ. ದಂಡ.
* ಪ್ರತಿ ರಾಜ್ಯವೂ ಕೌನ್ಸಿಲ್ ರಚಿಸಬೇಕು.

ಕೇಂದ್ರದ ಕಾಯ್ದೆ ಆದ್ದರಿಂದ ಕೌತಾಳಂಗೂ ಮಂಗಳೂರಿಗೂ ಅಳತೆ ಒಂದೇ. ಕರ್ನಾಟಕದ ಕೌನ್ಸಿಲ್‌ಗೆ ನಮ್ಮ ಕರಾವಳಿಯ ಫಿಸಿಯೋಥೆರಪಿಸ್ಟ್ ಪ್ರೊ. ಯು.ಟಿ. ಇಫ್ತಿಕಾರ್ ಅಲಿ ಅಧ್ಯಕ್ಷರಾದದ್ದು ಸಮುದಾಯದವರಿಗೆ ಗೊತ್ತಿರುವ ವಿಷಯ.

ಕಾನೂನು ಬಂದ ಮಾತ್ರಕ್ಕೆ ಊರೂರಲ್ಲಿ ಬೋರ್ಡ್‌ಗಳು ಬದಲಾಗುವುದಿಲ್ಲ. ಕರೆಂಟ್ ಕೊಡುವ ಮಿಷನ್ ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತದೆ. ಆದರೆ ಲಕ್ವ ಹೊಡೆದ ತೋಳನ್ನು ತಿಳಿಯದೆ ಎಳೆದರೆ ಭುಜದ ಕೀಲು ಜಾರಬಹುದು. ಮೂಳೆ ಕೂಡುವ ಮೊದಲೇ ಒತ್ತಿ ತಿಕ್ಕಿದರೆ ಮತ್ತೆ ಆಸ್ಪತ್ರೆಯೇ ಗತಿ. ಹಾಗಾಗಿ ಯಾರನ್ನೇ ಮನೆಗೆ ಕರೆಸುವ ಮುಂಚೆ ಮೂರು ಮಾತು ಕೇಳಿ: ಓದಿದ್ದು ಏನು, ಯಾವ ಕಾಲೇಜು, ನೋಂದಣಿ ಆಗಿದೆಯೇ? ಜಮಾಅತ್‌ಗಳು ಆರೋಗ್ಯ ಶಿಬಿರ ಇಡುವಾಗಲೂ ಇದನ್ನೇ ಕೇಳಲಿ. ಸರಿಯಾಗಿ ಓದಿದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಿಯುಸಿ ಮುಗಿಸಿದ ಮಕ್ಕಳಿಗೂ ಒಂದು ಮಾತು. ಆಯೋಗ 2025ರಲ್ಲಿ ತಂದ ಹೊಸ ಪಠ್ಯಕ್ರಮದಲ್ಲಿ ಬಿಪಿಟಿ, ಇಂಟರ್ನ್‌ಶಿಪ್ ಸೇರಿ 5 ವರ್ಷದ ಕೋರ್ಸ್. ಆರು ತಿಂಗಳ ಸರ್ಟಿಫಿಕೇಟ್ ತೋರಿಸಿ ಫಿಸಿಯೋಥೆರಪಿಸ್ಟ್ ಆಗಬಹುದು ಎಂದು ಯಾರಾದರೂ ಫೀಸು ಕೇಳಿದರೆ ಕೊಡಬೇಡಿ. ಸೀಟು ಹಿಡಿಯುವ ಮುಂಚೆ ಕಾಲೇಜಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. ಪದವಿ ಮಾನ್ಯವಾಗಿರದಿದ್ದರೆ ನೋಂದಣಿಯೂ ಸಿಗದು.