ಹಾವೇರಿ ಸೀಮೆಯ ಬೆಕ್ಕುಗಳು ಮತ್ತು ಅವುಗಳ ಮುಪ್ಪು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಒಕ್ಕಲು ಮನೆಗಳಲ್ಲಿ ಬೆಕ್ಕಿಗೆ ಮೊದಲು ಜಾಗ ಸಿಕ್ಕಿದ್ದು ಕಾಳಿನ ಕಾವಲಿಗಾಗಿ. ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ ಜೋಳಕ್ಕೆ ಇಲಿಯ ಕಾಟ ಕಡಿಮೆ. ನಿತ್ಯದ ಬಳಕೆಗೆ ಮೇಲೆ ತೆಗೆದಿಟ್ಟ ಕಾಳು, ಬೀಜದ ತೆನೆ, ಶೇಂಗಾ ಚೀಲಗಳಿಗೆ ಅಂಥ ರಕ್ಷಣೆ ಇರಲಿಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿ–ಹರಿಹರ ರೈಲುಮಾರ್ಗ ಈ ಮೂರೂ ಊರುಗಳನ್ನು ಜೋಡಿಸಿತು. ಹತ್ತಿ, ಮೆಣಸಿನಕಾಯಿಯ ವ್ಯಾಪಾರ ಬೆಳೆದಂತೆ ಗೋದಾಮುಗಳೂ ಹೆಚ್ಚಿದವು, ಇಲಿಗಳೂ ಹೆಚ್ಚಿದವು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಹಬ್ಬಿತ್ತು. ಹಾವೇರಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲ ಅದು. ರೋಗ ಇಲಿಯ ಚಿಗಟದಿಂದ ಹರಡುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಅಮರಾವತಿಯಲ್ಲಿದ್ದ ವೈದ್ಯಾಧಿಕಾರಿ ಬುಕಾನನ್ ಮುಂದೆ, ಬೆಕ್ಕು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಎಂದು ವಾದಿಸಿದ. ಬೆಕ್ಕಿಗೂ ಪ್ಲೇಗು ತಗಲುತ್ತದೆ ಎಂಬುದು ಈ ವಾದದ ಮಿತಿ.

ದುಡಿಯುವ ಬೆಕ್ಕಿಗೆ ಮನೆಯವರು ಕೊಡುತ್ತಿದ್ದುದು ಹಾಲು-ರೊಟ್ಟಿ. ಮಾಂಸ ಬೇಯಿಸದ ಮನೆಗಳಲ್ಲಿ ಉಳಿದ ಪೋಷಣೆಯನ್ನು ಬೆಕ್ಕು ಬೇಟೆಯಿಂದಲೇ ದಕ್ಕಿಸಿಕೊಳ್ಳಬೇಕಿತ್ತು. ಮುಪ್ಪು ಬಂದಾಗ ಈ ಏರ್ಪಾಡು ಕೈಕೊಡುತ್ತಿತ್ತು. ಹಲ್ಲು ಸವೆದು, ಓಟ ತಗ್ಗಿ ಬೇಟೆ ನಿಂತರೆ ಬಟ್ಟಲಿನ ಹಾಲು-ರೊಟ್ಟಿಯಷ್ಟೇ ಗತಿ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಇಲ್ಲದಿದ್ದರೆ ಬೆಕ್ಕಿನ ಕಣ್ಣು ಕೆಡುತ್ತದೆಂದು 1975ರಲ್ಲಿ, ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿ ವಿಜ್ಞಾನಿಗಳು ತಿಳಿಸಿದರು. ಒಲೆಯ ಬೂದಿಯ ಬಿಸುಪಿನಲ್ಲಿ ಮಲಗಿರುತ್ತಿದ್ದ ಮುದಿ ಬೆಕ್ಕಿಗೆ ಮನೆಯವರ ಅಕ್ಕರೆಯಲ್ಲಿ ಕೊರತೆ ಇರದಿದ್ದರೂ ಆಹಾರದಲ್ಲಿ ಇರುತ್ತಿತ್ತು.

ಬೆಕ್ಕನ್ನು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಹೋಗಬೇಕೆಂಬ ನಂಬಿಕೆ ಕೊಲ್ಲುವುದನ್ನು ತಡೆಯಿತು. ಬೇಡವಾದ ಬೆಕ್ಕನ್ನು ಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುವುದನ್ನು ಅದು ತಡೆಯಲಿಲ್ಲ. ಹಸಿವು, ನೀರಡಿಕೆಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ತೊರೆದ ಪ್ರಾಣಿಗಳನ್ನು ಸಾಕಿ, ಹೊಸ ಮನೆಗೆ ದತ್ತು ಕೊಡುವ ಪದ್ಧತಿ ಕರ್ನಾಟಕದಲ್ಲಿ ನಗರಗಳಿಂದ ಬಂದದ್ದು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರಾಜರ್ಸ್ 1991ರಲ್ಲಿ ಸ್ಥಾಪಿಸಿದ 'ಕ್ಯೂಪಾ' ಈ ಕೆಲಸ ಮಾಡುವ ಹಳೆಯ ಸಂಸ್ಥೆಗಳಲ್ಲೊಂದು. ದತ್ತು ಕೇಳುವವರ ಕಣ್ಣು ಸಾಮಾನ್ಯವಾಗಿ ಮರಿಗಳ ಮೇಲೆ; ಹತ್ತು ವರ್ಷ ದಾಟಿದ ಬೆಕ್ಕು ಹಿಂದೆ ಉಳಿಯುತ್ತದೆ. ಇದು ನ್ಯಾಯವಲ್ಲ. ಮರಿ ಮುಂದೆ ಹೇಗಾಗುತ್ತದೋ ಗೊತ್ತಿರುವುದಿಲ್ಲ. ವಯಸ್ಸಾದ ಬೆಕ್ಕಿನ ಸ್ವಭಾವ ಆಗಲೇ ರೂಪುಗೊಂಡಿರುತ್ತದೆ. ಮನುಷ್ಯರನ್ನು ಹಚ್ಚಿಕೊಂಡ ಬೆಕ್ಕು ಹೊಸ ಮನೆಯಲ್ಲೂ ತೊಡೆ ಹುಡುಕಿಕೊಂಡು ಬರುತ್ತದೆ. ಮೊದಲು ಕೆಲವು ದಿನ ಅದಕ್ಕೆ ಸದ್ದಿಲ್ಲದ ಒಂದು ಕೋಣೆ ಬೇಕು. ಮೂತ್ರಪಿಂಡ, ಥೈರಾಯ್ಡ್, ಹಲ್ಲುಗಳ ತಪಾಸಣೆ, ರೇಬೀಸ್ ಲಸಿಕೆ, ಮಾಂಸ ಅಥವಾ ಮೀನು ಸೇರಿದ ಮೆತ್ತನೆಯ ಆಹಾರವೂ ಬೇಕು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲವಾದ್ದರಿಂದ, ಹಾಲು-ರೊಟ್ಟಿಯನ್ನೇ ನೆಚ್ಚಿಕೊಳ್ಳುವಂತಿಲ್ಲ.