ಬೆಸ್ತರ ಹಬ್ಬ ಸಾಂಗೊಡ್: ಜೊತೆಗೂಡಿದ ದೋಣಿಗಳ ಚರಿತ್ರೆ

ಜೂನ್ 29 ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ದಿನ. ರೋಮಾಪುರಿಯ ಧರ್ಮಸಭೆಯು ಈ ಇಬ್ಬರು ಪ್ರೇಷಿತರನ್ನು ಇದೇ ದಿನ ಸ್ಮರಿಸುತ್ತಿತ್ತೆಂಬುದಕ್ಕೆ ಕ್ರಿ.ಶ. 354ರ ಪಂಚಾಂಗವು ಸಾಕ್ಷಿಯಾಗಿದೆ. ಇಷ್ಟು ಪ್ರಾಚೀನವಾದ ಹಬ್ಬವು ಗೋವೆಯಲ್ಲಿ ಬೇರೂರಿದ್ದು 1510ರಲ್ಲಿ ಪೋರ್ಚುಗೀಸರ ಆಳ್ವಿಕೆ ಆರಂಭವಾದ ಅನಂತರ. ಬಾರ್ದೇಸ್ ಪ್ರಾಂತದಲ್ಲಿ ಫ್ರಾನ್ಸಿಸ್ಕನ್ ಸಭೆಯ ಗುರುಗಳು ಶುಭಸಂದೇಶವನ್ನು ಸಾರಿದರು. ಅಲ್ಲಿಯ ಬೆಸ್ತರಿಗೆ ಗಲಿಲೇಯದ ಬೆಸ್ತನಾದ ಪೇತ್ರನು ತಮ್ಮ ಕುಲದ ಹಿರಿಯನಂತೆಯೇ ಕಂಡುದು ಸಹಜ. ಕನ್ನಡ ಕರಾವಳಿಯ ಅನೇಕ ಕೊಂಕಣಿ ಕ್ರೈಸ್ತ ಮನೆತನಗಳ ಮೂಲವೂ ಗೋವೆಯೇ ಆಗಿರುವುದರಿಂದ, ಈ ಆಚರಣೆಯನ್ನು ಅರಿಯುವುದು ನಮಗೂ ಉಚಿತವಾಗಿದೆ.

ಕರಾವಳಿಯಲ್ಲಿ ಜೂನ್ ತಿಂಗಳೆಂದರೆ ಮುಂಗಾರಿನ ಆರ್ಭಟದ ಕಾಲ. ಕಡಲು ಕೆರಳಿ ನಿಲ್ಲುತ್ತದೆ, ದೋಣಿಗಳು ದಡವೇರುತ್ತವೆ, ದುಡಿಯುವ ಕೈಗಳಿಗೆ ಬಿಡುವು ದೊರೆಯುತ್ತದೆ. ಜೂನ್ 24ರಂದು ಸ್ನಾನಿಕ ಸಂತ ಯೋವಾನ್ನರ ಹಬ್ಬ. ಅಂದು ಗೋವೆಯ ಯುವಕರು 'ಕೊಪೆಲ್' ಎಂಬ ಹೂವಿನ ಕಿರೀಟವನ್ನು ಧರಿಸಿ, ತುಂಬಿದ ಬಾವಿಗಳಿಗೆ ಧುಮುಕುತ್ತಾರೆ. ಹೊಸ ಅಳಿಯಂದಿರಿಗೆ ವಿಶೇಷ ಮರ್ಯಾದೆ ಸಲ್ಲುತ್ತದೆ. ಅದಾದ ಐದನೆಯ ದಿನವೇ ಪೇತ್ರನ ಹಬ್ಬ.

ಕಡಲು ಮುಚ್ಚಿರುವಾಗ ಬೆಸ್ತನು ತನ್ನ ಪಾಲಕ ಸಂತನನ್ನು ನೀರಿನ ಮೇಲೆ ಗೌರವಿಸುವುದೆಂತು? ಅದಕ್ಕೆ ಅವರು ಹೊಳೆಯನ್ನೇ ಆಶ್ರಯಿಸಿದರು. ಎರಡು ದೋಣಿಗಳನ್ನು ಜೊತೆಯಾಗಿ ಬಿಗಿದು, ಮೇಲೆ ಹಲಗೆ ಹಾಸಿ, ತೆಂಗಿನ ಗರಿ ಹಾಗೂ ಹೂಗಳಿಂದ ಸಿಂಗರಿಸುತ್ತಾರೆ. ಕೆಲವೆಡೆ ದೇವಾಲಯದ ಮುಖಮಂಟಪದ ಮಾದರಿಯನ್ನೂ ನಿಲ್ಲಿಸುವುದುಂಟು. ಹೀಗೆ ಜೋಡಿಸಿದ ತೇಲುವ ವೇದಿಕೆಯೇ 'ಸಾಂಗೊಡ್'. ಕಾಂದೋಳಿ, ಶಿವೋಲಿ ಮೊದಲಾದ ಊರುಗಳಲ್ಲಿ ಅದರ ಮೇಲೆ ಹಾಡು, ಕುಣಿತ, ನಾಟಕಗಳು ನಡೆಯುತ್ತವೆ. ಜನರು ದಡದಲ್ಲಿ ನೆರೆದು, ಮಳೆಯನ್ನು ಲೆಕ್ಕಿಸದೆ ನೋಡುತ್ತಾರೆ.

ಸಂತ ಲೂಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ, ಬಲೆ ಹರಿಯುವಷ್ಟು ಮೀನು ಸಿಕ್ಕಿದಾಗ ಪೇತ್ರನೂ ಅವನ ಜೊತೆಗಾರರೂ ಇನ್ನೊಂದು ದೋಣಿಯ ಸಂಗಡಿಗರನ್ನು ನೆರವಿಗೆ ಕರೆದರು. ಎರಡೂ ದೋಣಿಗಳು ತುಂಬಿದವು. ಜೋಡಿಸಿದ ದೋಣಿಗಳಲ್ಲಿ ನಾವು ಆ ಘಟನೆಯ ನೆರಳನ್ನೇ ಕಾಣುತ್ತೇವೆ. ಬೆಸ್ತರ ಬದುಕೂ ಹಾಗೆಯೇ ಇತ್ತು. ಗೋವೆಯ 'ರಾಂಪಣ್', ನಮ್ಮ ಕರಾವಳಿಯ 'ರಂಪಣಿ' ಒಬ್ಬನಿಂದ ಎಳೆಯಲಾಗುವ ಬಲೆಯಲ್ಲ. ಹತ್ತಾರು ಜನರು ದಡದಲ್ಲಿ ನಿಂತು ಒಂದಾಗಿ ಎಳೆಯಬೇಕು. ಸಿಕ್ಕಿದುದನ್ನು ಪಾಲು ಮಾಡಿಕೊಳ್ಳಬೇಕು.

1960ರ ದಶಕದಿಂದ ಗೋವೆಯಲ್ಲಿ ಯಾಂತ್ರಿಕ ಟ್ರಾಲರುಗಳು ಹೆಚ್ಚಿದವು. ದಡದ ಬಲೆಗೆ ಮೀನು ವಿರಳವಾಯಿತು. 1970ರ ದಶಕದಲ್ಲಿ ರಾಂಪಣಕಾರರು ಸಂಘಟಿತರಾಗಿ ಹೋರಾಡಿದರು. 1980ರಲ್ಲಿ ಸಮುದ್ರ ಮೀನುಗಾರಿಕೆಯ ನಿಯಂತ್ರಣ ಕಾಯಿದೆ ಬಂದಿತು. 1970ರ ದಶಕದಲ್ಲಿ ಕರ್ನಾಟಕಕ್ಕೆ ಬಂದ ಪರ್ಸೀನ್ ಬಲೆಗಳು ರಂಪಣಿಯನ್ನು ಬಹುಮಟ್ಟಿಗೆ ಮೂಲೆಗೊತ್ತಿದವು. ಯಂತ್ರವು ಅನೇಕರಿಗೆ ಅನ್ನವಿತ್ತಿತೆಂಬುದೂ ನಿಜ. ಆದರೆ ಕೂಡಿ ಎಳೆಯುವ ಹಗ್ಗ ಕೈತಪ್ಪಿದಂತೆ, ಕೂಡಿ ಹಂಚಿಕೊಳ್ಳುವ ರೂಢಿಯೂ ಸಡಿಲವಾಯಿತು.

ಸಾಂಗೊಡ್ ಇಂದಿಗೂ ಹೊಳೆಗಿಳಿಯುತ್ತದೆ. ಅದನ್ನು ನೋಡಲು ದೂರದ ಪ್ರವಾಸಿಗರೂ ಬರುತ್ತಾರೆ. ಸಿಂಗಾರವು ಉಳಿದು ಸಹಬಾಳ್ವೆ ಅಳಿದರೆ ಹಬ್ಬವು ಬರಿಯ ನೋಟವಾದೀತು. ಶತಮಾನೋತ್ಸವದ ಈ ಪುಣ್ಯಕಾಲದಲ್ಲಿ ನಮ್ಮ ಹಬ್ಬಗಳಿಗೂ ಈ ಮಾತನ್ನು ಅನ್ವಯಿಸಿಕೊಳ್ಳೋಣ. ನೆರೆಯವನ ದೋಣಿಯನ್ನು ನಮ್ಮ ದೋಣಿಗೆ ಬಿಗಿದುಕೊಳ್ಳುವ ಮನಸ್ಸನ್ನು ಸಂತ ಪೇತ್ರನ ಪ್ರಾರ್ಥನೆಯ ಮೂಲಕ ದೇವರು ನಮಗೆ ಕರುಣಿಸಲಿ.